ಐದು ಪೈಸೆಯ ದೇಶಭಕ್ತಿ

ದೇಶಭಕ್ತಿಯ ವಿಷಯದಲ್ಲಿ ನಮ್ಮಲ್ಲಿ ಈಗ ಎರಡು ಪಂಗಡಗಳಿವೆ. ಒಂದು ಪಂಗಡದವರ ಬಾಯಿಂದ ಆ ಪದ ಇಳಿಯುವುದೇ ಇಲ್ಲ. ಇನ್ನೊಂದು ಪಂಗಡದವರ ಬಾಯಿಗೆ ಅದು ಬರುವುದೇ ಇಲ್ಲ. ಮೊದಲನೆಯವರು ಟಿ.ವಿ. ಸ್ಟುಡಿಯೋಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಸಿಗುತ್ತಾರೆ. ಎರಡನೆಯವರು ನಮ್ಮ ನಿಮ್ಮ ನಡುವೆಯೇ, ಸಾಹಿತ್ಯದ ಗೋಷ್ಠಿಗಳಲ್ಲಿ, ಪುಸ್ತಕದಂಗಡಿಗಳಲ್ಲಿ ಸಿಗುತ್ತಾರೆ. ಇವರೆದುರು ‘ದೇಶಭಕ್ತಿ’ ಅಂದರೆ ಸಾಕು, ಅನ್ನದಲ್ಲಿ ಹರಳು ಸಿಕ್ಕವರ ಹಾಗೆ ಮುಖ ಕಿವುಚುತ್ತಾರೆ. ಮೇಲ್ನೋಟಕ್ಕೆ ಇಬ್ಬರೂ ಒಬ್ಬರಿಗೊಬ್ಬರು ವೈರಿಗಳು. ಆದರೆ ಒಳಗೊಳಗೇ ಒಂದು ಮಾತಿಗೆ ಇಬ್ಬರೂ ಸಹಿ ಹಾಕಿದ್ದಾರೆ: ದೇಶಭಕ್ತಿ ಅಂದರೆ ಯಾರ ಮೇಲಾದರೂ ಸಿಟ್ಟಾಗುವುದು. ಒಬ್ಬರು ಆ ಸಿಟ್ಟನ್ನು ಮಾರುತ್ತಾರೆ, ಇನ್ನೊಬ್ಬರು ಅದನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಾರೆ.

ನನ್ನ ತಕರಾರು ಈ ಒಪ್ಪಂದದ ಮೇಲೆ. ದೇಶ ಅಂದರೆ ಏನು ಅನ್ನುವುದು ನನಗೆ ಮೊದಲು ಗೊತ್ತಾದದ್ದು ಯುದ್ಧದ ಕಾಲದಲ್ಲೇ. ಆದರೆ ಅದು ಗೊತ್ತಾದದ್ದು ಬಂದೂಕಿನಿಂದ ಅಲ್ಲ, ಭಾಷಣದಿಂದಲೂ ಅಲ್ಲ, ಒಂದು ಅಂಚೆಚೀಟಿಯಿಂದ. ಅದರ ಬೆಲೆ ಐದು ಪೈಸೆ.

ಊರು ಐಗಳಿ. ಅಥಣಿಯಿಂದ ವಿಜಯಪುರದ ಕಡೆ ಹೊರಟರೆ ಸಿಗುವ ಎರೆಭೂಮಿಯ ಊರು. ಈಗ ನಮ್ಮ ಭಾಗದಲ್ಲಿ ದ್ರಾಕ್ಷಿ ಬಳ್ಳಿ, ಒಣದ್ರಾಕ್ಷಿಯ ಶೆಡ್ಡುಗಳು ಕಾಣುತ್ತವೆ. ಆಗ ಕಣ್ಣು ಹಾಯಿಸಿದಷ್ಟೂ ಬಿಳಿಜೋಳ. ಕೃಷ್ಣೆ ನಮ್ಮ ತಾಲ್ಲೂಕಿನಲ್ಲೇ ಹರಿದರೂ ನಮ್ಮ ಮಗ್ಗುಲಿಗೆ ಬರುತ್ತಿದ್ದದ್ದು ಅದರ ಸುದ್ದಿ ಮಾತ್ರ. ಉತ್ತರಕ್ಕೆ ಕೆಲವು ಮೈಲಿ ಹೋದರೆ ಜತ್ತ ತಾಲ್ಲೂಕು, ಮಹಾರಾಷ್ಟ್ರ. ಆ ಕಡೆಯೂ ಕನ್ನಡ, ಈ ಕಡೆಯೂ ಕನ್ನಡ. ಗಡಿ ಇದ್ದದ್ದು ಕಾಗದದ ಮೇಲೆ. 1971ರಲ್ಲಿ ನಮ್ಮದು ಇನ್ನೂ ಮೈಸೂರು ರಾಜ್ಯ. ನಾನು ನಾಲ್ಕನೇ ಇಯತ್ತೆ.

ನಮ್ಮ ಅಜ್ಜಿಯ ಮಗಳನ್ನು, ಅಂದರೆ ನನ್ನ ಅತ್ತೆಯನ್ನು, ಜತ್ತ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಇನ್‌ಲ್ಯಾಂಡ್ ಪತ್ರ ತಂದು ನನ್ನ ಮುಂದೆ ಇಡುತ್ತಿದ್ದಳು. ಅವಳು ಹೇಳಿದ್ದನ್ನು ಬರೆಯುವುದು ನನ್ನ ಕೆಲಸ. ಎಮ್ಮೆ ಈದದ್ದು, ಜೋಳ ತೆನೆ ಹಿರಿದದ್ದು, ಯಾರದೋ ಮದುವೆ ಗೊತ್ತಾದದ್ದು, ಕೊನೆಗೆ ‘ದೊಡ್ಡವರಿಗೆ ನಮಸ್ಕಾರ ಸಣ್ಣವರಿಗೆ ಆಶೀರ್ವಾದ’. ಆ ವರ್ಷದ ನವೆಂಬರ್ ಕಳೆಯುವ ಹೊತ್ತಿಗೆ ಅಂಚೆಯವರು ಹೊಸ ಮಾತು ತಂದರು. ಇನ್ನು ಮೇಲೆ ಪತ್ರದ ಮೇಲೆ ಐದು ಪೈಸೆಯ ಇನ್ನೊಂದು ಚೀಟಿ ಹಚ್ಚಬೇಕು, ಸರಕಾರದ ಹುಕುಂ.

ಇದು ಇತಿಹಾಸದಲ್ಲಿ ದಾಖಲಾದ ಸಂಗತಿ. 1971ರ ನವೆಂಬರ್ 15ರಿಂದ ದೇಶದ ಅಂಚೆಯ ಮೇಲೆ ನಿರಾಶ್ರಿತರ ಪರಿಹಾರಕ್ಕೆಂದು ಐದು ಪೈಸೆಯ ತೆರಿಗೆ ಬಿತ್ತು. ಹೊಸ ಚೀಟಿ ಅಚ್ಚಾಗಿ ಬರುವವರೆಗೆ ಕಾಯಲು ಪುರಸೊತ್ತಿರಲಿಲ್ಲ. ಕುಟುಂಬ ಯೋಜನೆಯ ಪ್ರಚಾರಕ್ಕಾಗಿ ಅಚ್ಚಾಗಿದ್ದ ಐದು ಪೈಸೆಯ ಕೆಂಪು ಚೀಟಿಯ ಮೇಲೆಯೇ ‘ನಿರಾಶ್ರಿತರ ಪರಿಹಾರ’ ಎಂಬ ಇಂಗ್ಲಿಷ್ ಪದಗಳನ್ನು ಒತ್ತಿ ಹಂಚಿದರು. ಅಪ್ಪ, ಅವ್ವ, ಮಕ್ಕಳು ಇರುವ ಪುಟ್ಟ ಸಂಸಾರದ ಚಿತ್ರ. ಅದರ ಮೈಮೇಲೆ ನಿರಾಶ್ರಿತರು ಎಂಬ ಕರಿ ಅಕ್ಷರ. ಇದಕ್ಕಿಂತ ಸರಿಯಾದ ಚಿತ್ರವನ್ನು ಯಾವ ಕಲಾವಿದನೂ ಬರೆಯುತ್ತಿರಲಿಲ್ಲವೇನೋ. ಈ ತೆರಿಗೆ 1973ರ ಮಾರ್ಚ್‌ವರೆಗೂ ಇತ್ತು.

ಅಜ್ಜಿ ಮೊದಲು ಗೊಣಗಿದಳು. “ಯಾರಿಗಿ ಕೊಡೂದ ಇದು?” ಅಂಚೆಯವರು ಹೇಳಿದರು: “ಬಂಗಾಲದಾಗಿಂದ ಮಂದಿ ಓಡಿ ಬಂದಾರಬೇ. ಕೋಟಿಗಟ್ಟಲೆ. ಅವರಿಗಿ ಉಣ್ಣಾಕ.” “ಅವರು ನಮಗೇನಾಗಬೇಕು?” ಅಂದಳು ಅಜ್ಜಿ. ಅಂಚೆಯವರಿಗೆ ಉತ್ತರ ತಿಳಿಯಲಿಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಐದು ಪೈಸೆ ಎಣಿಸಿ ಕೊಟ್ಟಳು. ಆಮೇಲೆ ಅವಳು ಕೇಳಿದ ಪ್ರಶ್ನೆ ಬೇರೆ: “ಅಲ್ಲಿ ಜ್ವಾಳ ಸಿಗತೈತೋ ಇಲ್ಲೋ?”

ನನಗೆ ದೇಶ ಎಂಬುದು ತಲೆಯೊಳಗೆ ಹೊಕ್ಕದ್ದು ಆ ಪ್ರಶ್ನೆಯಿಂದ. ಮಾಸ್ತರರು ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಕೋಲು ಇಟ್ಟು ಪೂರ್ವ ಪಾಕಿಸ್ತಾನ, ಪಶ್ಚಿಮ ಪಾಕಿಸ್ತಾನ ತೋರಿಸಿದ್ದರು. ಅದು ಪರೀಕ್ಷೆಯ ಪಾಠ. ಆದರೆ ಐಗಳಿಯ ಒಬ್ಬ ಮುದುಕಿ, ಅಥಣಿಯ ಆಚೆ ಹೆಚ್ಚು ಊರು ಕಂಡಿರದವಳು, ತಾನು ಎಂದೂ ನೋಡದ, ಭಾಷೆ ಗೊತ್ತಿರದ, ಜಾತಿ ತಿಳಿಯದ, ತನ್ನ ದೇಶದ ಪ್ರಜೆಗಳೂ ಅಲ್ಲದ ಮಂದಿ ಏನು ಉಣ್ಣುತ್ತಾರೆ ಎಂದು ಚಿಂತೆಗೆ ಬಿದ್ದದ್ದು ಪಾಠಕ್ಕಿಂತ ದೊಡ್ಡದಾಗಿತ್ತು. ಆ ಚಿಂತೆ ಅವಳಿಗೆ ತಾನಾಗಿ ಹುಟ್ಟಿದ್ದಲ್ಲ. ಒಂದು ಸರಕಾರ ಕೈಚಾಚಿ ಕೇಳಿತು, ಅವಳು ಕೊಟ್ಟಳು, ಕೊಟ್ಟ ಮೇಲೆ ಕೊಟ್ಟವರ ಮೇಲೆ ಅಕ್ಕರೆ ಹುಟ್ಟಿತು. ನನ್ನ ವಾದದ ಕೀಲು ಇಲ್ಲಿದೆ. ನಾವು ಪ್ರೀತಿ ಇದ್ದವರಿಗೆ ಕೊಡುತ್ತೇವೆ ಅಂದುಕೊಂಡಿದ್ದೇವೆ. ಬಹಳ ಸಲ ಅದು ತಿರುಗಾಮುರುಗಾ. ಕೊಟ್ಟವರಿಗೆ ಪ್ರೀತಿ ಬರುತ್ತದೆ.

ಡಿಸೆಂಬರ್ 3ರ ಸಂಜೆ ಪಶ್ಚಿಮದ ವಿಮಾನ ನೆಲೆಗಳ ಮೇಲೆ ಪಾಕಿಸ್ತಾನದ ದಾಳಿಯಾಗಿ ಯುದ್ಧ ಬಹಿರಂಗವಾಯಿತು. ಆ ಹದಿಮೂರು ದಿನ ಊರ ಚಾವಡಿಯ ರೇಡಿಯೋ ಮುಂದೆ ಗಂಡಸರು ಕಂಬಳಿ ಹೊದ್ದು ಕೂತಿರುತ್ತಿದ್ದರು. ಕತ್ತಲೆ ಕಾಪಾಡಬೇಕು ಎಂಬ ಸುದ್ದಿ ಊರಿಗೂ ಬಂತು. ವಿದ್ಯುತ್ ದೀಪ ಬೆರಳೆಣಿಕೆಯಷ್ಟಿದ್ದ ಊರಿನಲ್ಲಿ ಯಾವ ದೀಪ ಆರಿಸುವುದು? ಆದರೂ ನಾವು ಕಂದೀಲಿನ ಗಾಜಿಗೆ ಹಳೆ ಕಾಗದ ಸುತ್ತಿದೆವು. ಒಂದು ಮನೆಯ ಕಂದೀಲು ಕಂಡರೆ ಪಕ್ಕದ ಮನೆಯವರು ಕೂಗಿ ಹೇಳುತ್ತಿದ್ದರು. ನಿನ್ನ ದೀಪದ ಬೆಳಕಿನಿಂದ ನನಗೆ ಅಪಾಯ, ನನ್ನ ಕತ್ತಲೆಯಿಂದ ನಿನಗೆ ರಕ್ಷಣೆ: ಸಂವಿಧಾನದ ಪುಸ್ತಕ ಕಾಣದ ಓಣಿ ನಾಗರಿಕತನದ ಈ ಪಾಠವನ್ನು ಕಂದೀಲಿನಿಂದ ಕಲಿಯಿತು.

ಸಿಟ್ಟು ಇರಲಿಲ್ಲವೇ? ಇತ್ತು. ದೊಡ್ಡ ಹುಡುಗರು ಯಾಹ್ಯಾಖಾನನ ಗೊಂಬೆ ಮಾಡಿ ಬಣಿವೆಯ ಹುಲ್ಲು ತುಂಬಿ ಸುಟ್ಟರು. ಬೈಗುಳವೂ ಧಾರಾಳವಾಗಿತ್ತು. ಆ ಕಾಲವನ್ನು ಹಾಲಿನಲ್ಲಿ ತೊಳೆದು ತೋರಿಸುವ ಆಸೆ ನನಗಿಲ್ಲ. ಆದರೆ ಆ ಸಿಟ್ಟಿಗೊಂದು ಕೊನೆ ಇತ್ತು. ಡಿಸೆಂಬರ್ 16ರಂದು ಢಾಕಾದಲ್ಲಿ ಜನರಲ್ ನಿಯಾಜಿ ಜನರಲ್ ಅರೋರಾ ಅವರ ಎದುರು ಸಹಿ ಹಾಕಿದ ಮೇಲೆ ಸುಮಾರು 93,000 ಕೈದಿಗಳು ನಮ್ಮ ವಶಕ್ಕೆ ಬಂದರು. ಅವರನ್ನು ಶಿಬಿರಗಳಲ್ಲಿಟ್ಟು ಅನ್ನ ಹಾಕಿ, ಔಷಧ ಕೊಟ್ಟು, ಒಪ್ಪಂದದ ಮೇಲೆ ತಿರುಗಿ ಕಳಿಸಲಾಯಿತು. ಗೆದ್ದವರು ಹೀಗೆ ನಡೆದುಕೊಳ್ಳಬೇಕು ಎಂಬುದನ್ನೂ ನಮ್ಮ ಚಾವಡಿ ರೇಡಿಯೋದಲ್ಲೇ ಕೇಳಿತು. ಯಾರೂ ಅದಕ್ಕೆ ದೇಶದ್ರೋಹ ಅನ್ನಲಿಲ್ಲ.

ನಮ್ಮ ಓಣಿಯ ಒಬ್ಬ ಹುಡುಗ ಬೆಳಗಾವಿಯ ಮರಾಠಾ ಲಘು ಪದಾತಿ ದಳದಲ್ಲಿ ಸಿಪಾಯಿಯಾಗಿದ್ದ. ಆ ರೆಜಿಮೆಂಟಿನ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ಆ ಡಿಸೆಂಬರ್‌ನಲ್ಲಿ ಅದರ 1ನೇ ಪಲ್ಟನ್ ಪೂರ್ವದ ಜಮಾಲಪುರದಲ್ಲಿ ಕಾದಿ ಹೆಸರು ಗಳಿಸಿತು. ನಮ್ಮ ಹುಡುಗ ಬೇಸಗೆಯಲ್ಲಿ ರಜೆಗೆ ಬಂದಾಗ ನಾವೆಲ್ಲ ಮುತ್ತಿಕೊಂಡು ಕೇಳಿದೆವು, ಎಷ್ಟು ಮಂದಿಯನ್ನು ಹೊಡೆದಿ ಎಂದು. ಅವನು ಅದಕ್ಕೆ ಬಾಯಿ ಬಿಡಲಿಲ್ಲ. “ಅಲ್ಲಿ ಹೊಳಿ ಅಂದ್ರ ನಮ್ಮ ಕೃಷ್ಣಾ ಹಂಗಲ್ಲೋ, ಆಚಿ ದಂಡಿ ಕಾಣಂಗಿಲ್ಲ” ಅಂದ. ಯುದ್ಧ ಕಂಡು ಬಂದವನು ನೀರಿನ ಮಾತಾಡಿದ. ಯುದ್ಧ ಕಾಣದ ನಾವು ಹೆಣದ ಲೆಕ್ಕ ಕೇಳಿದೆವು. ಈ ವ್ಯತ್ಯಾಸ ಇವತ್ತು ಇನ್ನಷ್ಟು ಹಿಗ್ಗಿದೆ.

ಈಗ ನೇರವಾಗಿ ಇವತ್ತಿಗೆ ಬರೋಣ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಕೊಂದವರ ಮೇಲೆ ಸಿಟ್ಟು ಬರದವನು ಮನುಷ್ಯನೇ ಅಲ್ಲ. ಮೇ 7ರ ನಸುಕಿನಲ್ಲಿ ನಮ್ಮ ಸೇನೆ ಉತ್ತರ ಕೊಟ್ಟಿತು. ಅದು ಸೇನೆಯ ಕೆಲಸ, ಸೇನೆ ಮಾಡಿತು. ನಾನು ಕೇಳುವುದು, ಆ ನಾಲ್ಕು ದಿನ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದದ್ದೇನು?

ಮೇ 8ರ ರಾತ್ರಿ ಹಲವು ಚಾನೆಲ್ಲುಗಳು ಕರಾಚಿ ಬಂದರು ಧ್ವಂಸವಾಯಿತು ಎಂದು ಕೂಗಿದವು. ಬಂದರು ಇದ್ದಲ್ಲೇ ಇತ್ತು. ವಾಯುದಾಳಿಯ ಸೈರನ್ನನ್ನು ಹಿನ್ನೆಲೆ ಸಂಗೀತದ ಹಾಗೆ ಬಳಸಿದರು. ಕೊನೆಗೆ ಕೇಂದ್ರ ಸರಕಾರವೇ, ನಿಜವಾದ ಸೈರನ್ ಕೇಳಿದಾಗ ಜನ ಎಚ್ಚರಾಗದೆ ಹೋದಾರು, ಕಾರ್ಯಕ್ರಮಗಳಲ್ಲಿ ಅದನ್ನು ಊದಬೇಡಿ ಎಂದು ಸೂಚನೆ ಕೊಡಬೇಕಾಯಿತು. ಯೋಚಿಸಿ ನೋಡಿ: ಸೈರನ್ ಅಂದರೆ ದೀಪ ಆರಿಸು, ಬಾಯಿ ಮುಚ್ಚು, ಪಕ್ಕದವರನ್ನು ಎಬ್ಬಿಸು ಎಂದು ಅರ್ಥ. ಅದನ್ನೇ ದೀಪ ಹಚ್ಚಿಕೊಂಡು, ಬಾಯಿ ತೆರೆದುಕೊಂಡು ನೋಡುವ ಮನರಂಜನೆ ಮಾಡಿದರು. ಜಮ್ಮುವಿನಲ್ಲಿ, ಪೂಂಛ್‌ನಲ್ಲಿ ಗುಂಡಿನ ಕೆಳಗೆ ಮಲಗಿದ್ದವರಿಗೆ ಆ ಸುಳ್ಳಿನಿಂದ ಒಂದು ಕವಡೆಯ ಪ್ರಯೋಜನವಾಯಿತೇ?

ಇನ್ನೂ ಹತ್ತಿರದ ಮಾತು. ಆ ದಿನಗಳಲ್ಲಿ ಸೇನೆಯ ಪರವಾಗಿ ದೇಶಕ್ಕೆ ವಿವರ ಕೊಟ್ಟ ಕರ್ನಲ್ ಸೋಫಿಯಾ ಕುರೇಶಿ ನಮ್ಮ ಜಿಲ್ಲೆಯ ಸೊಸೆ. ಗೋಕಾಕ ತಾಲ್ಲೂಕಿನ ಕೊಣ್ಣೂರು ಅವರ ಗಂಡನ ಊರು. ಬೆಳಗಾವಿ ಜಿಲ್ಲೆ ಹಬ್ಬ ಮಾಡಬೇಕಾದ ಗಳಿಗೆ ಅದು. ಅಷ್ಟರಲ್ಲಿ ಮಧ್ಯಪ್ರದೇಶದ ಸಚಿವರೊಬ್ಬರು ವೇದಿಕೆಯ ಮೇಲೆ ಆಕೆಯ ಧರ್ಮ ಹಿಡಿದು ಆಡಿದ ಮಾತು ಎಷ್ಟು ಹೊಲಸಾಗಿತ್ತೆಂದರೆ ಅಲ್ಲಿಯ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಎಫ್‌ಐಆರ್ ದಾಖಲಿಸಲು ಹೇಳಿತು. ಇತ್ತ ಇನ್ಯಾರೋ, ಕೊಣ್ಣೂರಿನ ಆಕೆಯ ಮಾವನ ಮನೆಯ ಮೇಲೆ ದಾಳಿಯಾಗಿದೆ ಎಂಬ ಸುಳ್ಳನ್ನು ಜಾಲತಾಣದಲ್ಲಿ ಹರಿಬಿಟ್ಟರು. ಬೆಳಗಾವಿ ಪೊಲೀಸರು ಅದು ಶುದ್ಧ ಸುಳ್ಳು ಎಂದು ಹೇಳಬೇಕಾಯಿತು. ಎರಡೂ ಕಡೆಯವರಿಗೆ ಆ ಅಧಿಕಾರಿ ಮುಖ್ಯವಾಗಿರಲಿಲ್ಲ. ಒಬ್ಬರಿಗೆ ಆಕೆಯ ಧರ್ಮ ಬೇಕಿತ್ತು, ಇನ್ನೊಬ್ಬರಿಗೆ ಆಕೆಯ ಮನೆಯ ಮೇಲೆ ಬೀಳುವ ಕಲ್ಲು ಬೇಕಿತ್ತು.

ಪಹಲ್ಗಾಮಿನಲ್ಲಿ ಗಂಡನನ್ನು ಕಳೆದುಕೊಂಡ ನೌಕಾಪಡೆ ಅಧಿಕಾರಿಯ ಹೆಂಡತಿ, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ದ್ವೇಷ ಬೇಡ, ನ್ಯಾಯ ಬೇಕು ಎಂಬರ್ಥದ ಮಾತಾಡಿದಾಗ ಆಕೆಯನ್ನೂ ಬಿಡಲಿಲ್ಲ. ಕದನ ವಿರಾಮದ ಸುದ್ದಿ ಓದಿ ಹೇಳಿದ ವಿದೇಶಾಂಗ ಕಾರ್ಯದರ್ಶಿಯ ಮನೆಯ ಹೆಣ್ಣುಮಗಳನ್ನೂ ಬಿಡಲಿಲ್ಲ. ಯಾರು ದೇಶಕ್ಕಾಗಿ ಕಳೆದುಕೊಂಡರೋ, ಯಾರು ದೇಶಕ್ಕಾಗಿ ದುಡಿಯುತ್ತಿದ್ದರೋ ಅವರನ್ನೇ ಬೈಯುವುದು ದೇಶಭಕ್ತಿಯಾಗುವುದು ಹೇಗೆ? ಇದಕ್ಕೆ ಒಂದೇ ಉತ್ತರ: ಬೈದವರು ಏನನ್ನೂ ಕೊಟ್ಟಿರಲಿಲ್ಲ. ಐದು ಪೈಸೆಯನ್ನೂ ಕೊಟ್ಟಿರಲಿಲ್ಲ. ಕೊಡದವನಿಗೆ ಕೊಟ್ಟವನ ಸಂಕಟ ತಿಳಿಯುವುದಿಲ್ಲ. ಅವನಿಗೆ ಬೇಕಾದದ್ದು ಟಿಕೇಟಿನ ದುಡ್ಡಿಗೆ ತಕ್ಕ ಆಟ. ಆಟ ಬೇಗ ಮುಗಿದರೆ ಅಂಪೈರನ ಮೇಲೆ ಬಾಟಲಿ ಎಸೆಯುತ್ತಾನೆ.

ಕೆಲವರು ಹೇಳುತ್ತಾರೆ, ಕಾಲ ಬದಲಾಗಿದೆ, ಈಗಿನ ಸರಕಾರಕ್ಕೆ ಜನರ ಐದು ಪೈಸೆ ಬೇಕಿಲ್ಲ, ಬಜೆಟ್ಟಿನಲ್ಲಿ ದುಡ್ಡಿದೆ ಎಂದು. ನಿಜ. 1965ರಲ್ಲಿ ಶಾಸ್ತ್ರಿಯವರು ಸೋಮವಾರ ಒಂದು ಹೊತ್ತಿನ ಊಟ ಬಿಡಿ ಅಂದಾಗ ದೇಶದಲ್ಲಿ ಕಾಳಿನ ಕೊರತೆ ಇತ್ತು. ಈಗ ಗೋದಾಮು ತುಂಬಿವೆ. ಹೀಗಾಗಿ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ತೊಂದರೆ ಇರುವುದು ಅಲ್ಲೇ. ಏನನ್ನೂ ಕೇಳದ ದೇಶ ನಮಗೆ ಬರೀ ನೋಡುವ ವಸ್ತುವಾಗುತ್ತದೆ. ಒಪ್ಪೊತ್ತಿನ ಊಟ ಬಿಟ್ಟವನಿಗೆ ಹಸಿವಿನ ಮೂಲಕ ದೇಶದ ಜೊತೆ ಒಂದು ನಂಟು ಉಂಟಾಗುತ್ತಿತ್ತು. ರಿಮೋಟು ಹಿಡಿದವನಿಗೆ ಯಾವ ನಂಟು?

ಕೇಳಬೇಕಾದದ್ದು ಇಲ್ಲವೆಂದೇನೂ ಅಲ್ಲ. ಸಿಪಾಯಿಯ ಹೆಸರು ಹೇಳಿ ಎಲ್ಲರ ಬಾಯಿ ಮುಚ್ಚಿಸುವವರು ಸಿಪಾಯಿಯ ಬಗ್ಗೆ ಏನು ಕೇಳುತ್ತಾರೆ ನೋಡಿ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ. 25 ಪ್ರತಿಶತದವರೆಗೆ ಮುಂದುವರಿಕೆ. ಉಳಿದವರಿಗೆ ಒಂದು ಗಂಟು ಹಣ, ಪಿಂಚಣಿ ಇಲ್ಲ. ಇದಕ್ಕೆ ಪರವಾದ ವಾದವೂ ಇದೆ, ವಿರುದ್ಧದ ವಾದವೂ ಇದೆ. ಆದರೆ ನಮ್ಮ ಅಥಣಿ, ಗೋಕಾಕ, ರಾಯಬಾಗದ ಹಳ್ಳಿಗಳಲ್ಲಿ ನಸುಕಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗರಿಗೆ ಅದು ಬದುಕಿನ ಪ್ರಶ್ನೆ. ಯೋಧರ ಹೆಸರಿನಲ್ಲಿ ದಿನಾ ಗಂಟಲು ಹರಿದುಕೊಳ್ಳುವ ಪರದೆಗಳಲ್ಲಿ ಆ ಹುಡುಗರ ಇಪ್ಪತ್ತೈದನೇ ವಯಸ್ಸಿನ ಬಗ್ಗೆ ಎಷ್ಟು ನಿಮಿಷದ ಚರ್ಚೆ ಕೇಳಿದ್ದೀರಿ?

ಇನ್ನೊಂದು ಉದಾಹರಣೆ, ಇದು ಕನ್ನಡದ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮುಂತಾದ ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ವರ್ಷಗಟ್ಟಲೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತಿತ್ತು. ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಅದನ್ನು ಬರೆಯಲು ಅವಕಾಶವಾದದ್ದು 2024ರಲ್ಲಿ. ಅಂದರೆ ಐಗಳಿಯ ಹುಡುಗನ ಜೀವ ದೇಶಕ್ಕೆ ಬೇಕಿತ್ತು, ಅವನ ಭಾಷೆ ಬೇಕಿರಲಿಲ್ಲ. ಸ್ವಾತಂತ್ರ್ಯ ಬಂದು 75 ವರ್ಷ ದಾಟಿದ ಮೇಲೆ ಈ ತಪ್ಪು ತಿದ್ದಿಕೊಂಡದ್ದು ಒಳ್ಳೆಯದೇ. ಆದರೆ ಅದನ್ನು ಕೇಳಿದವರು ಯಾರು? ಕನ್ನಡದ ಕೆಲಸಗಾರರು, ತಮಿಳರು, ತೆಲುಗರು. ‘ಭಾಷೆಯ ಮಾತೆತ್ತಿ ದೇಶ ಒಡೆಯಬೇಡಿ’ ಎಂದು ಬೈಸಿಕೊಂಡವರು. ದೇಶಸೇವೆಗೆ ಸೇರುವ ಬಾಗಿಲನ್ನು ಅಗಲ ಮಾಡಿದವರು ಅವರೇ.

ಭಾಷೆಯಿಂದ ದೇಶ ಒಡೆಯುತ್ತದೆಯೇ? 1971 ಹೇಳುವ ಕತೆಯೇ ಅದು, ಆದರೆ ಈಗಿನ ದೇಶಭಕ್ತರು ಹೇಳುವ ರೀತಿಯಲ್ಲಿ ಅಲ್ಲ. 1948ರ ಮಾರ್ಚ್‌ನಲ್ಲಿ ಜಿನ್ನಾ ಢಾಕಾಕ್ಕೆ ಹೋಗಿ ಉರ್ದು ಒಂದೇ ಪಾಕಿಸ್ತಾನದ ರಾಜ್ಯಭಾಷೆ ಎಂದು ಸಾರಿದರು. ಪಾಕಿಸ್ತಾನದ ಹೆಚ್ಚಿನ ಜನ ಆಡುತ್ತಿದ್ದದ್ದು ಬಂಗಾಳಿ. 1952ರ ಫೆಬ್ರವರಿ 21ರಂದು ಬಂಗಾಳಿಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಆ ದಿನವನ್ನೇ ಯುನೆಸ್ಕೋ 1999ರಲ್ಲಿ ವಿಶ್ವ ತಾಯ್ನುಡಿ ದಿನ ಎಂದು ಘೋಷಿಸಿತು. ಒಂದು ಧರ್ಮ, ಒಂದು ಭಾಷೆ, ಒಂದು ದೇಶ ಎಂದು ಹೊರಟ ರಾಷ್ಟ್ರ 24 ವರ್ಷಕ್ಕೆ ಎರಡು ಹೋಳಾಯಿತು. ಭಾರತ 1956ರಲ್ಲಿ ಭಾಷೆಗೊಂದು ರಾಜ್ಯ ಕೊಟ್ಟಿತು. ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಅಥಣಿ ಕನ್ನಡದವರ ಜೊತೆ ಬಂತು. ದೇಶ ಒಡೆಯಲಿಲ್ಲ. 1971ರಲ್ಲಿ ನಾವು ಗೆದ್ದದ್ದು ಬರೀ ಸೇನೆಯ ಬಲದಿಂದ ಅಲ್ಲ. ನಮ್ಮ ಮನೆ ಕಟ್ಟಿದ ಬಗೆ ಅವರ ಮನೆ ಕಟ್ಟಿದ ಬಗೆಗಿಂತ ಗಟ್ಟಿಯಾಗಿತ್ತು. ಆ ವಿಜಯ ದಿವಸ ಆಚರಿಸುತ್ತಲೇ ಸೋತವರ ಸೂತ್ರವನ್ನು ಇಲ್ಲಿಗೆ ತರಲು ಹೊರಟವರನ್ನು ಏನೆನ್ನಬೇಕು?

ನಮ್ಮ ಗಡಿನಾಡಿಗೂ ಇದೇ ಮಾತು. 1967ರ ಮಹಾಜನ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಕೂತಿರುವ ಮಹಾರಾಷ್ಟ್ರದ ದಾವೆ, ನವೆಂಬರ್ 1ರ ಕರಾಳ ದಿನ, ಬಸ್ಸಿಗೆ ಬಳಿಯುವ ಮಸಿ: ಇವೆಲ್ಲ ನಮಗೆ ಹೊಸದಲ್ಲ. ಮಹಾಜನ ವರದಿ ನಮ್ಮ ಪಾಲಿಗೆ ನ್ಯಾಯ, ಅದನ್ನು ಬಿಡುವ ಪ್ರಶ್ನೆಯಿಲ್ಲ. ಆದರೆ ನಮ್ಮ ಓಣಿಯ ಕನ್ನಡದ ಹುಡುಗ ಶಿವಾಜಿ ಮಹಾರಾಜರ ಜಯಘೋಷ ಹಾಕುವ ಪಲ್ಟನ್ನಿನಲ್ಲಿದ್ದುಕೊಂಡು ಬಂಗಾಳಿಗಳ ನೆಲದಲ್ಲಿ ಕಾದಿ, ಮನೆಗೆ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದ. ಅವನ ಕನ್ನಡಕ್ಕೆ ಅದರಿಂದ ಒಂದು ಗೆರೆಯಷ್ಟೂ ಮುಕ್ಕಾಗಲಿಲ್ಲ. ಬಸ್ಸಿನ ಕಂಡಕ್ಟರನನ್ನು ಹೊಡೆಯುವ ಎರಡೂ ಕಡೆಯ ಶೂರರು ಅವನಿಂದ ಕಲಿಯಬೇಕಾದದ್ದಿದೆ.

ಈಗ ನಮ್ಮ ಪಂಗಡದವರಿಗೆ, ಸಾಹಿತ್ಯದವರಿಗೆ, ಒಂದು ಮಾತು. ನೀವು ರವೀಂದ್ರನಾಥರನ್ನು ಹೆಸರಿಸಿ ರಾಷ್ಟ್ರೀಯತೆ ಒಂದು ರೋಗ ಎನ್ನುತ್ತೀರಿ. 1917ರಲ್ಲಿ ಬಂದ ಅವರ ಉಪನ್ಯಾಸಗಳು ಇವತ್ತಿಗೂ ಓದಬೇಕಾದವು. ಆದರೆ ಎರಡು ದೇಶಗಳು ತಮ್ಮ ರಾಷ್ಟ್ರಗೀತೆಗೆ ಹೋದದ್ದು ಅದೇ ಮನುಷ್ಯನ ಬಾಗಿಲಿಗೆ. ಅವರು ಬೈದದ್ದು ಯಂತ್ರವಾದ ರಾಷ್ಟ್ರವನ್ನು. ಹಾಡಿದ್ದು ನೆಲವನ್ನು, ಜನವನ್ನು. ನಮ್ಮ ಬೇಂದ್ರೆ ‘ನರಬಲಿ’ ಕವಿತೆಗಾಗಿ ಇದೇ ಬೆಳಗಾವಿಯ ಹಿಂಡಲಗಾ ಜೈಲು ಕಂಡವರು. ಗೋಕಾಕ ಕಡೆಯ ಬಸವರಾಜ ಕಟ್ಟೀಮನಿ 1942ರಲ್ಲಿ ಸೆರೆಮನೆಗೆ ಹೋಗಿ ಬಂದು ಆ ಚಳವಳಿಯನ್ನು ‘ಮಾಡಿ ಮಡಿದವರು’ ಕಾದಂಬರಿಯಾಗಿಸಿದರು. ಇವರು ದೇಶದ ಹೆಸರಿನಲ್ಲಿ ತೆತ್ತವರು. ಈ ಪರಂಪರೆಯನ್ನು ಕೈಬಿಟ್ಟು, ‘ದೇಶಭಕ್ತಿ ಅವರದು, ನಮಗೆ ಬೇಡ’ ಎಂದು ನೀವು ಎದ್ದು ಹೋದರೆ ಮನೆ ಖಾಲಿಯಾಗಿ ಉಳಿಯುವುದಿಲ್ಲ. ಬಾಡಿಗೆ ಕೊಡದವನೊಬ್ಬ ಬಂದು ಸೇರಿಕೊಳ್ಳುತ್ತಾನೆ. ಸೇರಿಕೊಂಡಾಗಿದೆ.

ಹಾಗೆಂದು ದೇಶಭಕ್ತಿಯನ್ನು ಯಾವ ನಾಯಕರ ಖಾತೆಗೂ ಜಮಾ ಮಾಡಬಾರದು. ಅದನ್ನೂ 1971ರ ಇತಿಹಾಸವೇ ಕಲಿಸುತ್ತದೆ. ಆ ಗೆಲುವಿನ ಎಲ್ಲ ಪುಣ್ಯವನ್ನು ದೇಶ ಇಂದಿರಾ ಗಾಂಧಿಯವರ ಕೈಗೆ ಕೊಟ್ಟಿತು. ನಾಲ್ಕೇ ವರ್ಷದಲ್ಲಿ, 1975ರ ಜೂನ್ 25ರಂದು, ತುರ್ತು ಪರಿಸ್ಥಿತಿ ಬಂತು. ಇಂದಿರಾ ಎಂದರೆ ಇಂಡಿಯಾ ಎಂದು ಅವರ ಪಕ್ಷದ ಅಧ್ಯಕ್ಷರೇ ಹೇಳಿದರು. ಪ್ರಶ್ನೆ ಕೇಳಿದವರು ಜೈಲಿನಲ್ಲಿದ್ದರು, ಬೆಂಗಳೂರಿನ ಸೆರೆಮನೆಯೂ ತುಂಬಿತ್ತು. ಅಂದು ಇಂದಿರೆಯನ್ನು ದೇಶ ಎಂದು ಕರೆದದ್ದು ತಪ್ಪಾದರೆ ಇಂದು ಬೇರೊಬ್ಬರನ್ನು ಹಾಗೆ ಕರೆಯುವುದೂ ತಪ್ಪೇ. ಅಜ್ಜಿ ಐದು ಪೈಸೆ ಕೊಟ್ಟದ್ದು ಓಡಿಬಂದ ಮಂದಿಗೆ. ಪ್ರಧಾನಿಗೆ ಅಲ್ಲ.

ಆ ಓಡಿಬಂದ ಮಂದಿಯ ಮಾತು ಇನ್ನೂ ಬಾಕಿ ಇದೆ. ಸುಮಾರು ಒಂದು ಕೋಟಿ ಜನ. ಯುದ್ಧ ಮುಗಿದ ಕೆಲವು ತಿಂಗಳಲ್ಲಿ ಬಹುಪಾಲು ತಿರುಗಿ ಹೋದರು. ಪೂರ್ವ ಬಂಗಾಳದಿಂದ ಆ ಕಾಲದಲ್ಲಿ ಬಂದ ಕೆಲವು ಕುಟುಂಬಗಳಿಗೆ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲೇ ಪುನರ್ವಸತಿ ಕ್ಯಾಂಪು ಕಟ್ಟಿಕೊಟ್ಟರು. ಅವರ ಮಕ್ಕಳು ಕನ್ನಡ ಕಲಿತರು, ಭತ್ತದ ಗದ್ದೆಯಲ್ಲಿ ದುಡಿದರು. ಅರ್ಧ ಶತಮಾನ ಕಳೆದ ಮೇಲೂ ಅವರಲ್ಲಿ ಹಲವರು ಪೌರತ್ವದ ಕಾಗದಕ್ಕಾಗಿ ಕಾದರು. 2024ರಲ್ಲಿ ಕೆಲವರ ಕೈಗೆ ಅದು ಬಂತು. ಇವತ್ತು ಅಂಥ ಒಂದು ಕೋಟಿ ಜನ ಗಡಿಯಲ್ಲಿ ನಿಂತರೆ ನಮ್ಮ ಚಾನೆಲ್ಲುಗಳು ಅವರನ್ನು ಯಾವ ಹೆಸರಿನಿಂದ ಕರೆಯುತ್ತವೆ ಎಂದು ನಿಮಗೂ ಗೊತ್ತು. ನುಸುಳುಕೋರರು. ಮೊದಲು ಅವರ ಧರ್ಮ ಕೇಳುತ್ತಾರೆ. ಅಲ್ಲಿ ಜೋಳ ಸಿಗುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಗಡಿಗೆ ಕಾವಲು ಬೇಡವೆಂದು ನಾನು ಹೇಳುತ್ತಿಲ್ಲ. ಯಾರು ಬೇಕಾದರೂ ಬರಲಿ ಎಂದೂ ಹೇಳುತ್ತಿಲ್ಲ. ಆ ಒಂದು ಕೋಟಿ ಜನ ತಿರುಗಿ ಹೋಗುವಂತಾಗಬೇಕು ಎಂಬುದೇ 1971ರಲ್ಲಿ ನಮ್ಮ ಸರಕಾರದ ನಿಲುವಾಗಿತ್ತು, ಯುದ್ಧಕ್ಕೆ ಅದು ಒಂದು ಮುಖ್ಯ ಕಾರಣವೂ ಹೌದು. ಆದರೆ ತಿರುಗಿ ಹೋಗುವವರೆಗೆ ಅವರಿಗೆ ಅನ್ನ ಹಾಕುವುದು ನಮ್ಮ ಹೊಣೆ ಎಂದು ಬಡ ದೇಶವೊಂದು ಒಪ್ಪಿಕೊಂಡಿತು. ತನ್ನ ಬಡ ಪ್ರಜೆಗಳ ಕಾಗದಕ್ಕೂ ಅದಕ್ಕಾಗಿ ತೆರಿಗೆ ಹಾಕಿತು. ಮುಂದಿನ ವರ್ಷ, 1972ರಲ್ಲಿ, ನಮ್ಮ ಕಡೆ ಭೀಕರ ಬರ ಬಿತ್ತು. ಹೊಲ ಬಿಟ್ಟು ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು. ಆ ಬರದಲ್ಲೂ ಅಜ್ಜಿಯ ಪತ್ರದ ಮೇಲೆ ಆ ಕೆಂಪು ಚೀಟಿ ಇರುತ್ತಿತ್ತು. ಅವಳು ಪತ್ರ ಕಡಿಮೆ ಮಾಡಿದಳು, ಚೀಟಿಗೆ ಗೊಣಗಲಿಲ್ಲ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಯಾರಾದರೂ ನಿಮ್ಮ ದೇಶಭಕ್ತಿಯ ಸಾಕ್ಷಿ ಕೇಳಿದರೆ ಘೋಷಣೆ ಕೂಗಬೇಡಿ, ನಾಚಿಕೊಂಡು ಎದ್ದು ಹೋಗಲೂಬೇಡಿ. ತಿರುಗಿ ಕೇಳಿ: ನೀವು ಹೇಳುವ ದೇಶಭಕ್ತಿ ನನ್ನಿಂದ ಏನು ಬೇಡುತ್ತದೆ? ಬರೀ ಒಬ್ಬ ನೆರೆಯವನ ಮೇಲೆ ಸಿಟ್ಟು ಬೇಡುತ್ತದೆಯೇ, ಅಥವಾ ನನ್ನ ಜೇಬಿನ, ನನ್ನ ಊಟದ, ನನ್ನ ದೀಪದ ಒಂದು ಪಾಲು ಬೇಡುತ್ತದೆಯೇ? ಬೇಡಿದ್ದು ಯಾರಿಗೆ ಹೋಗುತ್ತದೆ? ತೆರಿಗೆ ಕದಿಯುವ ದೇಶಭಕ್ತನಿಗೆ, ಸರಕಾರಿ ಶಾಲೆ ಮುಚ್ಚಿದರೆ ತಲೆ ಕೆಡಿಸಿಕೊಳ್ಳದ ದೇಶಭಕ್ತನಿಗೆ, ಮ್ಯಾನ್‌ಹೋಲಿನಲ್ಲಿ ಮನುಷ್ಯ ಸತ್ತರೆ ಚಾನೆಲ್ ಬದಲಿಸುವ ದೇಶಭಕ್ತನಿಗೆ ಈ ಪ್ರಶ್ನೆಯ ಮುಂದೆ ಬಾಯಿ ಕಟ್ಟುತ್ತದೆ.

ನನ್ನ ದೇಶದ ಮೇಲೆ ನನಗೆ ಭಕ್ತಿ ಇದೆ. ಅದನ್ನು ಹೇಳಲು ನನಗೆ ಸಂಕೋಚವಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅದರ ದರ ಎಷ್ಟು ಎಂದು ಕೇಳಿದರೆ, 1971ರಲ್ಲಿ ಐದು ಪೈಸೆ ಇತ್ತು. ಈಗ ಏರಿರಬೇಕು. ಎಷ್ಟಾದರೂ ಸರಿ, ತೆತ್ತು ಮಾತಾಡೋಣ.